ಸ್ಲೋ ಕುಕ್ಕರ್‌ನಲ್ಲಿ ಸಕ್ಕರೆ ಬಾದಾಮಿ: ಮೂರು ಗಂಟೆ ಕಾದೆ, ಬಂದದ್ದು ಅಂಟುಮುದ್ದೆ

ಮೊದಲಸಲ:
ಎಲ್ಲರಿಗೂ ನಮಸ್ಕಾರ. ನಿನ್ನೆ, ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆಯಾದ ಸ್ಲೋ ಕುಕ್ಕರ್‌ನಲ್ಲಿ ಸಕ್ಕರೆ ಮೆತ್ತಿದ ಬಾದಾಮಿ ಮಾಡಲು ಹೋಗಿ ಕೈ ಸುಟ್ಟುಕೊಂಡೆ. ಮಾತಿಗೆ ಹೇಳಿದೆ ಅಷ್ಟೇ, ಕೈಗೇನೂ ಆಗಿಲ್ಲ.

ಹಾಕಿದ್ದು ಇಷ್ಟು. ಬಾದಾಮಿ 450 ಗ್ರಾಂ, ಬಿಳಿ ಸಕ್ಕರೆ 200 ಗ್ರಾಂ, ಬ್ರೌನ್ ಶುಗರ್ 200 ಗ್ರಾಂ, ಒಂದು ಮೊಟ್ಟೆಯ ಬಿಳಿ, ಚಕ್ಕೆ ಪುಡಿ, ವೆನಿಲಾ, ಕಾಲು ಕಪ್ ನೀರು. ಹೊಳಪು ಬರಲಿ ಅಂತ ಎರಡು ಚಮಚ ಜೇನುತುಪ್ಪ. ಸಕ್ಕರೆ ಹರಳು ಕಟ್ಟದಿರಲಿ ಅಂತ ಅರ್ಧ ನಿಂಬೆಹಣ್ಣಿನ ರಸ. ಎಲ್ಲವನ್ನೂ ಒಟ್ಟಿಗೆ ಸುರಿದು, ಮುಚ್ಚಳ ಹಾಕಿ, 'ಲೋ'ನಲ್ಲಿ ಮೂರು ಗಂಟೆ ಬಿಟ್ಟೆ. ಮಧ್ಯದಲ್ಲಿ ಎರಡು ಸಲ ಕೈಯಾಡಿಸಿದೆ.

ತೆರೆದು ನೋಡಿದರೆ ತಳದಲ್ಲಿ ಕಂದು ಪಾಕ, ಅದರಲ್ಲಿ ಈಜುತ್ತಿರುವ ಬಾದಾಮಿ. ಬೇಕಿಂಗ್ ಪೇಪರ್ ಮೇಲೆ ಹರಡಿ ರಾತ್ರಿಯಿಡೀ ಬಿಟ್ಟೆ, ಒಣಗಲಿಲ್ಲ. ಬೆಳಿಗ್ಗೆ ಒಂದು ಬಾದಾಮಿ ಹಿಡಿದು ಎತ್ತಿದರೆ ಪೇಪರ್ ಸಮೇತ ಎಲ್ಲವೂ ಎದ್ದು ಬಂತು. ಕಚ್ಚಿದರೆ ಬಾದಾಮಿಯೂ ಮೆತ್ತಗೆ. ಇನ್ನೂ ಜಾಸ್ತಿ ಹೊತ್ತು ಇಡಬೇಕಿತ್ತಾ?

ಬಾಣಲೆಬಂಟ:
ಇನ್ನೂ ಮೂರು ಗಂಟೆ ಇಟ್ಟಿದ್ದರೂ ಅಷ್ಟೇ. ಬಾಣಲೆಯಲ್ಲಿ ಹದಿನೈದು ನಿಮಿಷದ ಕೆಲಸ ಇದು. ಸಕ್ಕರೆ, ಸ್ವಲ್ಪ ನೀರು, ಬಾದಾಮಿ. ಕುದಿಸು, ಕಲಕು, ಮರಳಾಗುತ್ತದೆ, ಇನ್ನೂ ಕಲಕು, ಹೊಳಪು ಬರುತ್ತದೆ. ಮುಗಿಯಿತು.

ನಿಧಾನವೇಪ್ರಧಾನ:
ಮೊದಲಸಲ ಅವರೇ, ಬೇಜಾರಾಗಬೇಡಿ. ನನ್ನ ಮೊದಲ ಮೂರು ಸಲವೂ ಹೀಗೇ ಆಗಿತ್ತು. ಹೊತ್ತು ಕಡಿಮೆಯಾಗಿ ಹೀಗಾಗಿದ್ದಲ್ಲ. ನೀರು ಹೊರಗೆ ಹೋಗಲಿಲ್ಲ, ಅದು ತೊಂದರೆ. ಮುಚ್ಚಳದ ಒಳಮೈ ನೋಡಿದಿರಾ? ಬೆವರು ಬಂದ ಹಾಗೆ ಹನಿ ಕೂತಿರುತ್ತದೆ. ಅದು ಮತ್ತೆ ಬಾದಾಮಿ ಮೇಲೇ ತೊಟ್ಟಿಕ್ಕುತ್ತದೆ. ನೀವು ಮೂರು ಗಂಟೆ ಅದೇ ನೀರನ್ನು ಮೇಲೆ ಕೆಳಗೆ ಓಡಾಡಿಸಿದ್ದೀರಿ.

ಪರಿಹಾರ ಸುಲಭ. ದಪ್ಪ ಹತ್ತಿ ಬಟ್ಟೆಯೊಂದನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಎಳೆದು, ಅದರ ಮೇಲೆ ಮುಚ್ಚಳ ಇಡಿ. ಬಟ್ಟೆಯ ನಾಲ್ಕು ಮೂಲೆಗಳನ್ನೂ ಮುಚ್ಚಳದ ಮೇಲಕ್ಕೆ ಮಡಚಿ ಸಿಕ್ಕಿಸಿ. ಕೆಳಗೆ ಜೋತುಬಿದ್ದು ಬಿಸಿ ಹೊರಮೈಗೆ ತಾಗುವ ಹಾಗಿರಬಾರದು. ಬಟ್ಟೆ ಒದ್ದೆಯಾದಾಗ ಬದಲಿಸಿ. ಒಂದು ಗಂಟೆಯಾದ ಮೇಲೆ ಮುಚ್ಚಳವನ್ನು ಒಂದು ಕಡೆ ಸ್ವಲ್ಪ ಓರೆ ಮಾಡಿಟ್ಟರೆ ಇನ್ನೂ ಒಳ್ಳೆಯದು.

ಕಲಕುವುದು 20 ನಿಮಿಷಕ್ಕೊಮ್ಮೆ. ಎರಡು ಸಲ ಸಾಲದು.

ಮೊದಲಸಲ:
ಅಕ್ಕ, ಸ್ಲೋ ಕುಕ್ಕರ್ ಅಂದರೆ ಮುಚ್ಚಳ ತೆಗೆಯಲೇಬಾರದು ಅಂತ ಅಲ್ವಾ ಎಲ್ಲರೂ ಹೇಳುವುದು? ಅದಕ್ಕೇ ಹೆದರಿ ಮುಟ್ಟಲಿಲ್ಲ.

ನಿಧಾನವೇಪ್ರಧಾನ:
ಸಾರು, ಬೇಳೆ, ಕಾಳಿಗೆ ಆ ಮಾತು ಸರಿ. ಅಲ್ಲಿ ಬಿಸಿ, ತೇವ ಎರಡೂ ಒಳಗೇ ಇರಬೇಕು. ಇಲ್ಲಿ ತೇವ ತೊಲಗಬೇಕು. ಮುಚ್ಚಳ ತೆಗೆದಾಗಲೆಲ್ಲ ಒಂದಿಷ್ಟು ಹಬೆ ಹೋಯಿತು ಅಂತ ಖುಷಿಪಡಿ.

ಮೂಲೆಮಾತು:
ಸುಮ್ನೆ ಒಂದು ಸಂಗತಿ. ಈ ಯಂತ್ರ ಹುಟ್ಟಿದ್ದೇ ಕಾಳು ಬೇಯಿಸಲು. ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದ ಇಂಜಿನಿಯರ್‌ಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಮಾರುಕಟ್ಟೆಗೆ ಬಂದಾಗ ಇದರ ಹೆಸರೇ 'ನ್ಯಾಕ್ಸನ್ ಬೀನರಿ'. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡುಕೊಂಡಿತು, 1971ರಲ್ಲಿ 'ಕ್ರಾಕ್‌ಪಾಟ್' ಅಂತ ಮಾರಿತು. ನೀರನ್ನು ಹಿಡಿದಿಟ್ಟುಕೊಳ್ಳಲೆಂದೇ ಮಾಡಿದ ಪಾತ್ರೆಗೆ ನಾವು ನೀರು ಬಿಡು ಅಂತ ಹೇಳುತ್ತಿದ್ದೇವೆ. ಅದಕ್ಕೇ ಅದು ಮುನಿಸಿಕೊಳ್ಳುತ್ತದೆ.

ಅಳತೆಗೋಲು:
ಲೆಕ್ಕ ಹಾಕಿ ನೋಡೋಣ. ಒಂದು ಮೊಟ್ಟೆಯ ಬಿಳಿ ಸುಮಾರು 30 ಗ್ರಾಂ, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. ಅಂದರೆ 27 ಗ್ರಾಂ. ಕಾಲು ಕಪ್ ನೀರು 60. ನಿಂಬೆರಸ, ವೆನಿಲಾ ಸೇರಿದರೆ 100 ದಾಟಿತು.

ಈಗ ಸಕ್ಕರೆಯ ಸ್ವಭಾವ. ಕೋಣೆಯ ಬಿಸಿಯಲ್ಲಿ 100 ಗ್ರಾಂ ನೀರು ಹೆಚ್ಚುಕಡಿಮೆ 200 ಗ್ರಾಂ ಸಕ್ಕರೆಯನ್ನು ಕರಗಿಸಿಟ್ಟುಕೊಳ್ಳುತ್ತದೆ. ನೀವು ಹಾಕಿದ್ದು 400. ನೀರು ಹೊರಗೆ ಹೋಗದಿದ್ದರೆ, ಪೂರ್ತಿ ತಣ್ಣಗಾದ ಮೇಲೂ ಅರ್ಧ ಸಕ್ಕರೆ ಪಾಕವಾಗಿಯೇ ಉಳಿಯುತ್ತದೆ. ಪೇಪರ್ ಮೇಲೆ ರಾತ್ರಿಯಿಡೀ ಕಾದರೆ ಅದು ಒಣಗುವುದೆಲ್ಲಿಂದ?

ಜೊತೆಗೆ ಜೇನುತುಪ್ಪ. ಅದರಲ್ಲಿ ಫ್ರಕ್ಟೋಸ್ ಜಾಸ್ತಿ. ಮಾಮೂಲಿ ಸಕ್ಕರೆ ಗಾಳಿಯಿಂದ ತೇವ ಎಳೆದುಕೊಂಡು ಕರಗಲು ಗಾಳಿಯ ತೇವಾಂಶ ಶೇ. 85ರ ಹತ್ತಿರ ಇರಬೇಕು. ಫ್ರಕ್ಟೋಸ್‌ಗೆ ಶೇ. 62 ಸಾಕು. ಮಳೆ ಬರುವ ದಿನ ಬಿಡಿ, ಮೋಡ ಮುಚ್ಚಿದ ದಿನವೂ ಅದು ಅಂಟಂಟು.

ಪಾಕಪಂಡಿತ:
ಅಳತೆಗೋಲು ಅವರು ಹೇಳಿದ್ದು ಸರಿ. ಅದಕ್ಕಿಂತ ಹಿಂದೆಯೇ ಒಂದು ತಪ್ಪು ತಿಳಿವಳಿಕೆ ಇದೆ. ಮೊದಲಸಲ ಅವರು "ಹರಳು ಕಟ್ಟದಿರಲಿ ಅಂತ ನಿಂಬೆರಸ" ಅಂದರಲ್ಲ, ಅಲ್ಲಿಯೇ ದಾರಿ ತಪ್ಪಿತು.

ಸಕ್ಕರೆ ಬೀಜಕ್ಕೆ ಅಂಟುವುದು ಎರಡು ಬಗೆ. ಒಂದು, ಗಾಜಿನ ಹಾಗೆ. ಪಾಕವನ್ನು 146ರಿಂದ 154 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿದರೆ ಅದರಲ್ಲಿ ನೀರು ನೂರಕ್ಕೆ ಒಂದು ಪಾಲು ಮಾತ್ರ ಉಳಿಯುತ್ತದೆ. ತಣ್ಣಗಾದಾಗ ಪಾರದರ್ಶಕವಾಗಿ, ಪಟ್ ಅಂತ ಒಡೆಯುವ ಹಾಗೆ ಗಟ್ಟಿಯಾಗುತ್ತದೆ. ಇನ್ನೂ ಏರಿಸಿದರೆ, 160ರ ಮೇಲೆ, ಕ್ಯಾರಮೆಲ್ ಆಗುತ್ತದೆ. ಈ ಬಗೆಗೆ ಹರಳು ಬೇಡ, ನಿಂಬೆರಸ ಸಹಾಯ ಮಾಡುತ್ತದೆ. ಇನ್ನೊಂದು, ಹರಳಿನ ಲೇಪ. ಸಕ್ಕರೆ ಸ್ವಲ್ಪ ಕರಗಿ, ಬೀಜಕ್ಕೆ ಮೆತ್ತಿ, ನೀರು ಹೋದಾಗ ಸಣ್ಣ ಸಣ್ಣ ಹರಳಾಗಿ ಗಟ್ಟಿಯಾಗುವುದು. ಮೇಲ್ಮೈ ಒರಟು, ಮಂಜು ಬಿದ್ದ ಹಾಗೆ.

ಸ್ಲೋ ಕುಕ್ಕರ್‌ನಲ್ಲಿ ಒಳಗಿರುವ ಪದಾರ್ಥ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೊದಲನೆಯ ಬಗೆ ಅದರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಎರಡನೆಯದನ್ನು ಚೆನ್ನಾಗಿ ಮಾಡುತ್ತದೆ. ಹಾಗಾಗಿ ನಿಮಗೆ ಹರಳು ಬೇಕು, ಅದೂ ಬೇಗ ಬೇಕು. ನಿಂಬೆರಸ, ಜೇನುತುಪ್ಪ ಎರಡೂ ಅದನ್ನು ತಡೆಯುತ್ತವೆ. ಬ್ರೌನ್ ಶುಗರ್ ಕೂಡ ಸ್ವಲ್ಪ ತಡೆಯುತ್ತದೆ, ರುಚಿಗಾಗಿ ಒಂದಿಷ್ಟು ಸಹಿಸಿಕೊಳ್ಳಬಹುದು ಅಷ್ಟೇ.

ಬಾಣಲೆಬಂಟ:
ನೋಡಿ, ನೀವೇ ಒಪ್ಪಿಕೊಂಡಿರಿ. ಕ್ಯಾರಮೆಲ್ ಆಗಲ್ಲ, ಬಾದಾಮಿ ಹುರಿಯಲ್ಲ. ಮತ್ತೆ ಆ ಡಬ್ಬಿ ಯಾಕೆ?

ಪಾಕಪಂಡಿತ:
ಹುರಿಯುವುದಿಲ್ಲ ಅನ್ನುವುದು ನಿಜ. ಹುರಿದ ಪರಿಮಳ ಬರಲು 140 ಡಿಗ್ರಿಯಾದರೂ ಬೇಕು. ಆದ್ದರಿಂದ ಮೊದಲೇ ಹುರಿದುಕೊಳ್ಳಬೇಕು. ಓವನ್‌ನಲ್ಲಿ 165 ಡಿಗ್ರಿಗೆ 8–10 ನಿಮಿಷ. ಅಥವಾ ನಿಮ್ಮ ಪ್ರೀತಿಯ ಬಾಣಲೆಯಲ್ಲಿ ಸಣ್ಣ ಉರಿಗೆ. ಮೊದಲಸಲ ಅವರ ಬಾದಾಮಿ ಮೆತ್ತಗಾದದ್ದು ಹಸಿ ಬಾದಾಮಿ ಮೂರು ಗಂಟೆ ಹಬೆಯಲ್ಲಿ ಬೆಂದದ್ದರಿಂದ.

ನಿಧಾನವೇಪ್ರಧಾನ:
ಬಂಟರೇ, ಕಾಲು ಕಿಲೋ ಮಾಡುವುದಿದ್ದರೆ ನಾನೂ ಬಾಣಲೆಯನ್ನೇ ಇಡುತ್ತೇನೆ, ಜಗಳವೇ ಇಲ್ಲ. ಒಂದು ಕಿಲೋ ಮಾಡುವಾಗ ಬಾಣಲೆಯಲ್ಲಿ ತಳ ಸೀಯುತ್ತದೆ, ಮೇಲಿನದಕ್ಕೆ ಸಕ್ಕರೆಯೇ ತಾಗಿರುವುದಿಲ್ಲ, ಕೈ ನೋವು ಬೇರೆ. ಒಂದು ನಿಮಿಷ ಆಚೆ ಈಚೆ ನೋಡಿದರೆ ಸಕ್ಕರೆ ಕಹಿ. ಕುಕ್ಕರ್‌ನಲ್ಲಿ ಆ ಧಾವಂತ ಇಲ್ಲ. 20 ನಿಮಿಷಕ್ಕೊಮ್ಮೆ ಬಂದು ಕಲಕಿ ಹೋಗುವುದು, ನಡುವೆ ಬೇರೆ ಕೆಲಸ. ಮನೆ ತುಂಬ ಚಕ್ಕೆಯ ಘಮ.

ಅಳತೆಗೋಲು:
ಒಂದು ತಿದ್ದುಪಡಿ. 100 ಡಿಗ್ರಿ ಅನ್ನುವುದು ನೀರು ಇರುವವರೆಗಿನ ಮಾತು. ನೀರು ಆರಿದ ಮೇಲೆ ಪಾತ್ರೆಯ ಗೋಡೆಗೆ ತಾಗಿದ ಸಕ್ಕರೆಯ ಬಿಸಿ ಅದಕ್ಕಿಂತ ಮೇಲೇರಬಹುದು. ಹೆಚ್ಚಿನ ಸ್ಲೋ ಕುಕ್ಕರ್‌ಗಳಲ್ಲಿ ಕಾವು ಬರುವುದು ಪಕ್ಕದ ಗೋಡೆಯಿಂದ. 'ಹೈ'ನಲ್ಲಿಟ್ಟು ಮರೆತರೆ ಅಂಚು ಸೀದೇ ಸೀಯುತ್ತದೆ. ಕೊನೆಯ ಅರ್ಧ ಗಂಟೆ ಹತ್ತು ನಿಮಿಷಕ್ಕೊಮ್ಮೆ ಕಲಕಿ, ಅಂಚನ್ನು ಕೆರೆದು ನಡುವಿಗೆ ತನ್ನಿ.

ಮೊದಲಸಲ:
ತಲೆಗೆ ಹೋಯಿತು. ಹಾಗಾದರೆ ಅಳತೆ ಬದಲಿಸಬೇಕಾ? ಅಕ್ಕ, ನೀವು ಮಾಡುವ ಕ್ರಮ ಪೂರ್ತಿ ಹೇಳುತ್ತೀರಾ?

ನಿಧಾನವೇಪ್ರಧಾನ:
ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಬಾದಾಮಿ 450 ಗ್ರಾಂ, ಉಪ್ಪು ಹಾಕದ್ದು. ಹುರಿದು ಪೂರ್ತಿ ತಣಿಸಿ. ಬಿಸಿ ಬಾದಾಮಿಗೆ ಮೊಟ್ಟೆಯ ಬಿಳಿ ಹಾಕಿದರೆ ಅಲ್ಲೇ ಬೆಂದು ಬಿಳಿ ಎಳೆಗಳಾಗುತ್ತವೆ. ಒಮ್ಮೆ ಹಾಗೆ ಮಾಡಿ ಬಾದಾಮಿ ಆಮ್ಲೆಟ್ ತಿಂದಿದ್ದೇವೆ.

ಬಿಳಿ ಸಕ್ಕರೆ 200, ಬ್ರೌನ್ ಶುಗರ್ 100 ಗ್ರಾಂ. ನಿಮ್ಮ 400 ಜಾಸ್ತಿಯಾಯಿತು, ತಳದಲ್ಲಿ ಸುಮ್ನೆ ಬಿದ್ದಿರುತ್ತದೆ. ಚಕ್ಕೆ ಪುಡಿ ಒಂದೂವರೆ ದೊಡ್ಡ ಚಮಚ, ಉಪ್ಪು ಕಾಲು ಚಿಕ್ಕ ಚಮಚ. ಚಕ್ಕೆ ಪುಡಿಯನ್ನು ಒಣ ಸಕ್ಕರೆಯಲ್ಲೇ ಬೆರೆಸಬೇಕು. ನೇರವಾಗಿ ಒದ್ದೆಗೆ ಹಾಕಿದರೆ ಕರಗುವುದಿಲ್ಲ, ಗಂಟು ಕಟ್ಟಿ ಲೋಳೆಯಾಗುತ್ತದೆ.

ಒಂದು ಮೊಟ್ಟೆಯ ಬಿಳಿ, ಎರಡು ಚಿಕ್ಕ ಚಮಚ ವೆನಿಲಾ. ನೊರೆ ಬರುವವರೆಗೆ ಮಾತ್ರ ಕಡೆಯಿರಿ, ಕೇಕಿಗೆ ಮಾಡುವ ಹಾಗೆ ಗಟ್ಟಿ ಬೇಡ. ಬಾದಾಮಿಯನ್ನು ಇದರಲ್ಲಿ ಹೊರಳಿಸಿ, ಒಂದೊಂದೂ ಮಿಂಚಬೇಕು. ಆಮೇಲೆ ಸಕ್ಕರೆಯ ಮುಕ್ಕಾಲು ಭಾಗ ಹಾಕಿ ಹೊರಳಿಸಿ. ಉಳಿದ ಕಾಲು ಭಾಗ ಎತ್ತಿಡಿ.

ಪಾತ್ರೆಗೆ ತೆಳ್ಳಗೆ ಬೆಣ್ಣೆ ಸವರಿ ಬಾದಾಮಿ ಸುರಿಯಿರಿ. ಬಟ್ಟೆ, ಮುಚ್ಚಳ, 'ಲೋ'. 20 ನಿಮಿಷಕ್ಕೊಮ್ಮೆ ಕಲಕು. ಮೊದಲ ಗಂಟೆ ಒದ್ದೆ ಮರಳಿನ ಹಾಗೆ ಕಾಣುತ್ತದೆ. ಎರಡನೆಯ ಗಂಟೆಯಲ್ಲಿ ಪಾಕ ಹೊಳೆಯುತ್ತದೆ, ಎಲ್ಲ ಕೆಟ್ಟಿತು ಅನಿಸುತ್ತದೆ. ಕೆಟ್ಟಿಲ್ಲ, ತಾಳ್ಮೆ ಇರಲಿ. ಎರಡು ಗಂಟೆ ದಾಟಿದ ಮೇಲೆ ಎತ್ತಿಟ್ಟ ಸಕ್ಕರೆ ಹಾಕಿ, ಮುಚ್ಚಳ ಪೂರ್ತಿ ತೆಗೆದು, ಹೊಳಪು ಆರುವವರೆಗೆ ಕಲಕುತ್ತಿರಿ. ಸೌಟಿಗೆ ತಾಗುವಾಗ ಬಾದಾಮಿಯ ಸದ್ದು ಬದಲಾಗುತ್ತದೆ. ಮೊದಲು ಚಪ್ ಚಪ್, ಆಮೇಲೆ ಗಲಗಲ. ನಾನು ಗಡಿಯಾರಕ್ಕಿಂತ ಆ ಸದ್ದನ್ನೇ ನಂಬುತ್ತೇನೆ.

ಆಮೇಲೆ ಬೇಕಿಂಗ್ ಪೇಪರ್ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ. ಬಿಸಿ ಇರುವಾಗ ಬಾಯಿಗೆ ಹಾಕಿಕೊಳ್ಳಬೇಡಿ, ಬಿಸಿ ಸಕ್ಕರೆ ನಾಲಿಗೆಗೆ ಅಂಟಿಕೊಂಡು ಸುಡುತ್ತದೆ.

ಪಾಕಪಂಡಿತ:
ಕೊನೆಯಲ್ಲಿ ಸಕ್ಕರೆ ಹಾಕುವುದು ಜಾಣತನ. ಕರಗಿರುವ ಪಾಕಕ್ಕೆ ಒಣ ಹರಳು ಬಿದ್ದಾಗ ಅದನ್ನು ಹಿಡಿದುಕೊಂಡು ಉಳಿದದ್ದೂ ಬೇಗ ಹರಳು ಕಟ್ಟುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಹುಳಿಯ ಸಂಬಂಧ ಇಲ್ಲ, ಬರೀ ಹೋಲಿಕೆ.

ಕೊನೆಯ 20 ನಿಮಿಷದಲ್ಲಿ ಕಾಲು ಕಪ್ ನೀರು ಹಾಕು ಅಂತ ಹಲವರು ಹೇಳುತ್ತಾರೆ. ಅದರ ಉದ್ದೇಶ, ತಳದಲ್ಲಿ ಸುಮ್ನೆ ಬಿದ್ದ ಸಕ್ಕರೆ ಕರಗಿ ಬೀಜಕ್ಕೆ ಇನ್ನೊಂದು ಪದರವಾಗಿ ಹತ್ತಲಿ ಅಂತ. ನನ್ನ ಪ್ರಕಾರ ಕಾಲು ಕಪ್ ಜಾಸ್ತಿ. ಎರಡು ದೊಡ್ಡ ಚಮಚ ಸಾಕು, ಅದೂ ತಳದಲ್ಲಿ ಪುಡಿ ಉಳಿದಿದ್ದರೆ ಮಾತ್ರ. ಶುರುವಿನಲ್ಲೇ ಹಾಕಿದರೆ ನಿಮ್ಮ ಈಜುಕೊಳ.

ಮೊಟ್ಟೆಬೇಡ:
ಮೊಟ್ಟೆ ಇಲ್ಲದೆ ಆಗುತ್ತದಾ? ಬೆಣ್ಣೆ ಹಾಕಿ ನೋಡಿದೆ, ಸಕ್ಕರೆ ಜಾರಿ ತಳಕ್ಕೆ ಹೋಯಿತು.

ಪಾಕಪಂಡಿತ:
ಮೊಟ್ಟೆಯ ಬಿಳಿ ಇಲ್ಲಿ ಗೋಂದು. ಅದರಲ್ಲಿರುವ ಪ್ರೋಟೀನ್ 60 ಡಿಗ್ರಿ ದಾಟಿದ ಮೇಲೆ ಗಟ್ಟಿಯಾಗತೊಡಗಿ ಸಕ್ಕರೆಯನ್ನು ಬೀಜಕ್ಕೆ ಹಿಡಿದಿಡುತ್ತದೆ. ಬೆಣ್ಣೆಗೆ ಆ ಗುಣ ಇಲ್ಲ, ಅದು ಜಾರಿಸುತ್ತದೆ. ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು ಇದೆಯಲ್ಲ, ಅದನ್ನು ಎರಡು ದೊಡ್ಡ ಚಮಚ ತೆಗೆದು ನೊರೆ ಬರುವ ಹಾಗೆ ಕಡೆದು ಹಾಕಿ. ಒಂದು ಮೊಟ್ಟೆಯ ಬಿಳಿಗೆ ಅಷ್ಟು ಸರಿಹೋಗುತ್ತದೆ. ನೀರು ತೆಳ್ಳಗಿದ್ದರೆ ಮೊದಲು ಕುದಿಸಿ ಮಂದ ಮಾಡಿಕೊಳ್ಳಿ. ಅದರಲ್ಲಿ ಉಪ್ಪು ಇದ್ದರೆ ಬೇರೆ ಉಪ್ಪು ಬೇಡ.

ಮೊಟ್ಟೆಬೇಡ:
ಕಡಲೆ ವಾಸನೆ ಬರುವುದಿಲ್ಲವಾ?

ಪಾಕಪಂಡಿತ:
ಕಡೆಯುವಾಗ ಬರುತ್ತದೆ. ಚಕ್ಕೆ, ವೆನಿಲಾ ಸೇರಿ ಬಿಸಿಯಾದ ಮೇಲೆ ಗೊತ್ತಾಗುವುದಿಲ್ಲ.

ಗೋಡಂಬಿಗೊಂದುಮಾತು:
ನಾನು ಬಾದಾಮಿ, ಗೋಡಂಬಿ, ವಾಲ್‌ನಟ್ ಮೂರನ್ನೂ ಸೇರಿಸಿ ಮಾಡುತ್ತೇನೆ. ವಾಲ್‌ನಟ್ ಮಾತ್ರ ಯಾವಾಗಲೂ ಕಹಿ.

ನಿಧಾನವೇಪ್ರಧಾನ:
ವಾಲ್‌ನಟ್‌ನ ಕಹಿ ಅದರ ಸಿಪ್ಪೆಯದ್ದು. ಕುದಿಯುವ ನೀರಿಗೆ ಒಂದು ನಿಮಿಷ ಹಾಕಿ, ಸೋಸಿ, ಆ ಕಂದು ನೀರು ಚೆಲ್ಲಿ. ಆಮೇಲೆ ಓವನ್‌ನಲ್ಲಿ ಚೆನ್ನಾಗಿ ಒಣಗಿಸಿ. ಒಣಗಿಸುವುದು ಮರೆತರೆ ಮತ್ತೆ ಅದೇ ನೀರಿನ ಕಥೆ. ಗೋಡಂಬಿಯನ್ನು ಬೇರೆಯಾಗಿಯೇ ಮಾಡಿ. ಕಲಕಿ ಕಲಕಿ ಅದು ಎರಡು ಹೋಳಾಗುತ್ತದೆ. ಸುರುಳಿ ಸುರುಳಿ ಇರುವ ವಾಲ್‌ನಟ್, ಪೆಕಾನ್‌ಗೆ ಸಕ್ಕರೆ ಸಂದಿಗಳಲ್ಲಿ ಕೂತು ಲೇಪ ಚೆನ್ನಾಗಿ ಹಿಡಿಯುತ್ತದೆ. ನುಣ್ಣಗಿನ ಬಾದಾಮಿಗಿಂತ ಅದು ಸುಲಭ.

ಒಂದುಎಚ್ಚರ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೂರು ಬಗೆ ಸೇರಿಸಿ ಮಾಡಿ ಯಾರಿಗಾದರೂ ಕೊಡುವಾಗ ಡಬ್ಬಿಯ ಮೇಲೆ ಏನೇನಿದೆ ಅಂತ ಬರೆಯಿರಿ, ಮೊಟ್ಟೆಯನ್ನೂ ಸೇರಿಸಿ. ಅಲರ್ಜಿ ಇರುವವರಿಗೆ ಒಂದು ಚೂರೂ ಪ್ರಾಣಕ್ಕೆ ಬರಬಹುದು, ಸಕ್ಕರೆ ಮೆತ್ತಿದ ಮೇಲೆ ಯಾವ ಬೀಜ ಅಂತ ನೋಡಿದರೆ ತಿಳಿಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಾಯಿ ಸಾಕಿದವರು ಮ್ಯಾಕಡಾಮಿಯ ಬಳಸಿದರೆ ಡಬ್ಬಿ ಎತ್ತರದಲ್ಲಿಡಿ, ನಾಯಿಗಳಿಗೆ ಅದು ವಿಷ.

ಪಾತ್ರೆತೊಳೆಯುವವ:
ಎಲ್ಲರೂ ಮಾಡುವುದರ ಬಗ್ಗೆಯೇ ಮಾತಾಡುತ್ತಿದ್ದೀರಿ. ತೊಳೆಯುವವರ ಕಷ್ಟ ಕೇಳುವವರು ಯಾರು? ಕಳೆದ ಸಲ ತಳದಲ್ಲಿ ಕಲ್ಲಾಗಿದ್ದ ಸಕ್ಕರೆ ಬಿಡಿಸಲು ಬಿಸಿ ಪಾತ್ರೆಗೆ ತಣ್ಣೀರು ಬಿಟ್ಟೆ. ಟಣ್ ಅಂತ ಸದ್ದು. ಈ ತುದಿಯಿಂದ ಆ ತುದಿಗೆ ಬಿರುಕು.

ಅಳತೆಗೋಲು:
ಅಯ್ಯೋ. ಪಿಂಗಾಣಿ ಒಂದು ಕಡೆ ತಟ್ಟನೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿಯೇ ಇದ್ದರೆ ಸೀಳುತ್ತದೆ. ಪಾತ್ರೆ ತಣಿಯಲು ಬಿಟ್ಟು, ಬೆಚ್ಚಗಿನ ನೀರು ತುಂಬಿಸಿ ಒಂದು ಗಂಟೆ ಮರೆತುಬಿಡಿ. ಸಕ್ಕರೆ ತಾನಾಗಿ ಕರಗುತ್ತದೆ. ಉಜ್ಜುವುದೇ ಬೇಡ.

ಪಾತ್ರೆತೊಳೆಯುವವ:
ಇದನ್ನು ಆರು ತಿಂಗಳ ಹಿಂದೆ ಹೇಳಬಾರದಿತ್ತಾ ಸರ್.

ಮೊದಲಸಲ:
ಮೂರು ದಿನ ಬಿಟ್ಟು ಮತ್ತೆ ಮಾಡಿದೆ, ವರದಿ ಒಪ್ಪಿಸುತ್ತಿದ್ದೇನೆ. ಅಕ್ಕನ ಅಳತೆಯನ್ನೇ ಇಟ್ಟೆ. ಜೇನು ಇಲ್ಲ, ನಿಂಬೆ ಇಲ್ಲ, ನೀರೂ ಇಲ್ಲ. ಬಟ್ಟೆ ಎರಡು ಸಲ ಬದಲಿಸಿದೆ, ಹಿಂಡುವಷ್ಟು ಒದ್ದೆಯಾಗಿರಲಿಲ್ಲ, ತೇವ ಮಾತ್ರ ಚೆನ್ನಾಗಿ ಹಿಡಿದಿತ್ತು. ಒಂದು ಗಂಟೆ 40 ನಿಮಿಷಕ್ಕೆ ನೀವು ಹೇಳಿದ "ಎಲ್ಲ ಕೆಟ್ಟಿತು" ಅನ್ನುವ ಹಂತ ಬಂತು. ಮೊದಲೇ ಹೇಳಿರದಿದ್ದರೆ ಅಲ್ಲೇ ಕೈಬಿಡುತ್ತಿದ್ದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಉಳಿದ ಸಕ್ಕರೆ ಹಾಕಿ ಮುಚ್ಚಳ ತೆಗೆದೆ. 25 ನಿಮಿಷದಲ್ಲಿ ಗಲಗಲ ಸದ್ದು!

ಹತ್ತರಲ್ಲಿ ಎಂಟು ಬಾದಾಮಿ ಗರಿಗರಿ. ನಡುವಿನ ಗುಂಪಿನ ಕೆಲವು ಮಾತ್ರ ಇನ್ನೂ ಸ್ವಲ್ಪ ಅಂಟು. ಅವನ್ನೇನು ಮಾಡಲಿ?

ನಿಧಾನವೇಪ್ರಧಾನ:
ಭೇಷ್! ಅವನ್ನು ಓವನ್‌ನಲ್ಲಿ 120 ಡಿಗ್ರಿಗೆ ಹತ್ತು ಹದಿನೈದು ನಿಮಿಷ ಒಣಗಿಸಿ, ಸರಿಹೋಗುತ್ತವೆ. ಮುಂದಿನ ಸಲ ಕಲಕುವಾಗ ನಡುವಿನದನ್ನು ಗೋಡೆಯ ಕಡೆಗೆ ತಳ್ಳಿ. ಡಬ್ಬಿಗೆ ಹಾಕುವ ಮೊದಲು ಪೂರ್ತಿ ತಣ್ಣಗಾಗಿದೆಯಾ ನೋಡಿ. ಉಗುರುಬೆಚ್ಚಗಿದ್ದಾಗ ಮುಚ್ಚಿದರೆ ಒಳಗೆ ಬೆವರಿ ಮಾರನೇ ದಿನ ಮತ್ತೆ ಮುದ್ದೆ. ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಚೆನ್ನಾಗಿರುತ್ತದೆ.

ಬಾಣಲೆಬಂಟ:
ಈ ಮೂರು ದಿನದಲ್ಲಿ ನಾನು ಬಾಣಲೆಯಲ್ಲಿ ಎರಡು ಸಲ ಮಾಡಿ ತಿಂದು ಮುಗಿಸಿದೆ. ಎರಡನೆಯ ಸಲ ಫೋನ್ ಬಂತು, ಅರ್ಧ ಸೀದು ಹೋಯಿತು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೊದಲಸಲ:
😄 ಬಂಟರೇ, ಫೋನ್ ಬಂದಾಗ ನಾನೂ ಮಾತಾಡಿದೆ, ಹದಿನೆಂಟು ನಿಮಿಷ. ಕೊನೆಯದಾಗಿ ಒಂದು ಪ್ರಶ್ನೆ: ತಳದಲ್ಲಿ ಅರ್ಧ ಬಟ್ಟಲು ಚಕ್ಕೆ ಸಕ್ಕರೆ ಪುಡಿ ಉಳಿದಿದೆ. ಬಿಸಾಡಲು ಮನಸ್ಸಿಲ್ಲ.

ಅಳತೆಗೋಲು:
ಅದರಲ್ಲಿ ಮೊಟ್ಟೆ ಇದೆ. ಎರಡೂವರೆ ಗಂಟೆಯಲ್ಲಿ 71 ಡಿಗ್ರಿ ದಾಟಿ ಬೆಂದಿರುತ್ತದೆ, ಹಾಗಾಗಿ ಭಯ ಇಲ್ಲ. ಜರಡಿ ಹಿಡಿದು ಕಾಫಿಗೋ, ಟೋಸ್ಟ್ ಮೇಲೋ ಉದುರಿಸಿ. ಒದ್ದೆ ಇದ್ದರೆ ಮೊದಲು ಒಣಗಿಸಿಕೊಳ್ಳಿ.

ಪಾತ್ರೆತೊಳೆಯುವವ:
ನಮ್ಮ ಮನೆಯಲ್ಲಿ ತಳದ ಸಕ್ಕರೆ ಉಳಿಯುವುದೇ ಇಲ್ಲ. ಪಾತ್ರೆ ತೊಳೆಯುವವನಿಗೆ ಅದೇ ಸಂಬಳ.